ಸಾಲ್ಕಿನ್ ಅಪಾ ಒತ್ತಿದ ಬಿಳಿ ಕಂಬಳಿ

ಬೊಕೊನ್‌ಬಾಯೆವೊ
ಮೇ ೨೪

ಮುದ್ದು ತಂಗಿ ಐಚುರೆಕ್‌ಗೆ,

ಪಕ್ಕದ ಮನೆಯ ನಿನ್ನ ಗುಲ್ಜಾದಾ ಅಕ್ಕನ ಅಪ್ಪುಗೆ. ನಿಮ್ಮಮ್ಮ, ನಮ್ಮೆಲ್ಲರ ಸಾಲ್ಕಿನ್ ಅಪಾ, ತೀರಿಹೋಗಿ ಒಂಬತ್ತು ದಿನವಾದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು, ಕ್ಷಮಿಸು. ಮೊನ್ನೆ ನಿನ್ನ ಅಳು ಕೇಳಿ ಫೋನನ್ನು ನಿಮ್ಮಣ್ಣನ ಕೈಗೆ ಕೊಟ್ಟುಬಿಟ್ಟೆ. ರಷ್ಯಾದ ಆ ಕಾರ್ಖಾನೆಯವರು ನಿನಗೆ ರಜೆ ಕೊಡಲಿಲ್ಲವಂತೆ. ಅವರ ಮನೆ ಹಾಳಾಗಲಿ.

ಇಲ್ಲಿ ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಗಡಿಯಾಚೆಯ ಕಜಾಕನೊಬ್ಬ ತನ್ನ ಪ್ರವಾಸಿ ಬಿಡಾರಕ್ಕೆ ದೊಡ್ಡ ಬಿಳಿ ಕಂಬಳಿಮನೆಯೊಂದನ್ನು ಕೇಳಿದ್ದ. ಇದು ಹೊತ್ತಿಗೆ ಸರಿಯಾಗಿ ಬಂದರೆ ಇನ್ನೂ ಎಂಟನ್ನು ನಮ್ಮಿಂದಲೇ ಕೊಳ್ಳುತ್ತೇನೆ ಅಂದಿದ್ದ. ಜೊತೆಗೂಡಿ ಕಂಬಳಿಮನೆ ಕಟ್ಟುವ ನಮ್ಮ ಆರು ಮನೆಗಳಿಗೆ ಎರಡು ವರ್ಷ ಕೈತುಂಬ ಕೆಲಸ! ಬಡಗಿ ಮಾಮಿರ್ಕುಲ್ ಮಾವ ಚಳಿಗಾಲದಲ್ಲೇ ಚೌಕಟ್ಟಿನ ಕೋಲುಗಳನ್ನು ಬಗ್ಗಿಸಿಟ್ಟಿದ್ದ. ಕಟ್ಟುವ ಪಟ್ಟಿಗಳೂ ನೇಯ್ದು ಮುಗಿದಿದ್ದವು. ಮೇಲೆ ಹೊದಿಸುವ ಕಂಬಳಿಗೆ ಉಣ್ಣೆ ಮಾತ್ರ ಇಲ್ಲ. ನರಿನ್ ದಾರಿಯಲ್ಲಿ ಹಿಮ ಕುಸಿದು, ಏಪ್ರಿಲ್ ಮೊದಲಿಗೆ ಬರಬೇಕಾದದ್ದು ತಿಂಗಳ ಕೊನೆಗೆ ಬಂತು. ತಿಂಗಳು ಹಿಡಿಯುವ ಕೆಲಸವನ್ನು ನಿಮ್ಮಮ್ಮ ಹದಿನೈದು ದಿನದಲ್ಲಿ ಮುಗಿಸಬೇಕಾಯಿತು.

ಬಿಸಿನೀರು ಹೊಯ್ದು, ಉಣ್ಣೆಯನ್ನು ಚಾಪೆಯಲ್ಲಿ ಸುತ್ತಿ, ಮೊಣಕೈ ಊರಿ ಉರುಳಿಸುತ್ತಲೇ ಗೊಣಗುತ್ತಿದ್ದರು. "ಏ ಗುಲ್ಜಾದಾ, ಮುಂದಿನ ಸಲ ಕುರಿಗಳಿಗೇ ಹೇಳ್ಬಿಡು, ಮೈಮೇಲೇ ಕಂಬಳಿ ಒತ್ಕೊಂಡು ಬರ್ಲಿ. ಈ ಮುದುಕಿ ಪ್ರಾಣ ಯಾಕೆ ತಿಂತೀಯ?" ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಹದಿನೈದನೇ ತಾರೀಖು ಕಂಬಳಿಮನೆಯನ್ನು ನನ್ನ ಅಂಗಳದಲ್ಲಿ ನಿಲ್ಲಿಸಿ ನೋಡಿದೆವು. ಎಷ್ಟು ಚೆಂದವಿತ್ತು ಗೊತ್ತಾ! ನಮ್ಮೂರಿಗೆ ಹಿಟ್ಟು ಇಳಿಸಿ ಗಡಿಯಾಚೆಗೆ ಖಾಲಿ ಹಿಂತಿರುಗುವ ಲಾರಿಯಲ್ಲಿ ಮರುದಿನ ಬೆಳಿಗ್ಗೆ ಅದು ಹೊರಡಬೇಕಿತ್ತು. ಅಷ್ಟು ದೂರಕ್ಕೆ ನಮ್ಮಂಥವರಿಗೆ ಬೇರೆ ಲಾರಿ ಎಲ್ಲಿ ಸಿಗಬೇಕು?

ಮಧ್ಯಾಹ್ನ ನಿಮ್ಮಣ್ಣ ತಿಲೆಕ್ ಬಂದು ಬಾಗಿಲಲ್ಲಿ ನಿಂತ. "ಅಕ್ಕಾ, ಅಮ್ಮ ಹೋಗ್ಬಿಟ್ಲು" ಅಂದ. ಊರಿನ ಹಳೆಯ ಕಂಬಳಿಮನೆ ಆಚೆ ಹಳ್ಳಿಯ ಸಾವಿಗೆ ಹೋಗಿತ್ತು. ಸತ್ತವರನ್ನು ಗೋಡೆಮನೆಯಿಂದ ಕಳಿಸುವುದು ನಮ್ಮಲ್ಲಿ ಉಂಟೇ? ಅವನು ಅಂಗಳದ ಬಿಳಿ ಮನೆಯ ಕಡೆ ನೋಡಿ ತಲೆ ತಗ್ಗಿಸಿದ.

ಸಾವಿಗೆ ನಿಲ್ಲಿಸಿದರೆ ಏಳನೆಯ ದಿನದವರೆಗೆ ಬಿಚ್ಚುವಂತಿಲ್ಲ; ಬಿಡಾರದವನಿಗೆ ಫೋನ್ ಮಾಡಿ ಒಂದು ವಾರ ಬೇಡಿಕೊಂಡೆ. "ಸಾವು ಯಾರ ಮನೇಲಿಲ್ಲಮ್ಮ? ಇಪ್ಪತ್ತಕ್ಕೆ ನನ್ನ ಪ್ರವಾಸಿಗರು ಬರ್ತಾರೆ. ನಾಳೆ ಲಾರಿ ಹತ್ತದಿದ್ರೆ ಬೇರೆಯವರ ಹತ್ರ ತಗೋತೀನಿ, ಆ ಎಂಟನ್ನೂ ಮರೆತುಬಿಡಿ" ಅಂದ.

ಆರು ಮನೆಯವರೂ ನನ್ನ ಸುತ್ತ ಸೇರಿದರು. "ಕೊಟ್ರೆ ನಮ್ಮ ಹೊಟ್ಟೆ ಮೇಲೆ ಹೊಡೆತ. ಕೊಡದಿದ್ರೆ ಊರಲ್ಲಿ ತಲೆ ಎತ್ಕೊಂಡು ಓಡಾಡೋಕಾಗಲ್ಲ. ಮಾತು ಕೊಟ್ಟೋಳು ನೀನು, ನೀನೇ ಹೇಳು" ಅಂದ ಮಾಮಿರ್ಕುಲ್ ಮಾವ. ಅವನ ಹೆಂಡತಿ ಮುಖ ಸಿಂಡರಿಸಿಕೊಂಡು ಆಚೆ ತಿರುಗಿದಳು. "ಹಗ್ಗ ಬಿಚ್ಚಿ, ಕಂಬಳಿಮನೇನ ಅಪಾ ಅವರ ಅಂಗಳಕ್ಕೆ ಹೊರಿ" ಅಂದೆ.

ಬೆಳಿಗ್ಗೆ ಲಾರಿಯವನು ಹತ್ತು ಗಂಟೆಯವರೆಗೆ ಕಾದು ಖಾಲಿ ಗಾಡಿ ಹೊಡೆದುಕೊಂಡು ಹೋದ. ನಾನು ಆಗ ಆ ಬಿಳಿ ಮನೆಯೊಳಗೆ, ಮಗಳು ಕೂರುವ ಜಾಗದಲ್ಲಿ, ಗೋಡೆಗೆ ಮುಖ ಮಾಡಿ ನಿನ್ನ ಪರವಾಗಿ ಹಾಡಿ ಹಾಡಿ ಅಳುತ್ತಿದ್ದೆ. ಮೂರನೇ ದಿನ ಅಮ್ಮನನ್ನು ಮಣ್ಣು ಮಾಡಿದರು. ಏಳನೆಯ ದಿನದ ಊಟ ಮುಗಿಯುವ ತನಕ ಮನೆ ಬಿಚ್ಚಲಿಲ್ಲ. ಕಜಾಕ ಬೇರೆ ಕಡೆಯಿಂದ ಕೊಂಡನಂತೆ. ಆದರೂ ಊರಿಗೆ ಊರೇ ನನ್ನನ್ನು ಕೊಂಡಾಡುತ್ತಿದೆ, ಗುಲ್ಜಾದಾಳದು ದೊಡ್ಡ ಮನಸ್ಸು ಅಂತ. ತಿಲೆಕ್ ನನ್ನ ಕೈ ಹಿಡಿದು "ಈ ಋಣ ಹೇಗೆ ತೀರಿಸ್ಲಿ ಅಕ್ಕಾ?" ಅಂದ. ಕೈ ಬಿಡಿಸಿಕೊಂಡು ಒಲೆಯ ಹತ್ತಿರ ಹೋದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಒಬ್ಬಳೇ ಕೂತು ಅಳಬೇಡ. ಅಲ್ಲಾಹು ನಿನ್ನ ದಾರಿಯನ್ನು ಬೆಳಗಲಿ, ನೀನು ನೂರು ವರ್ಷ ಬಾಳು.

ನಿನ್ನ
ಗುಲ್ಜಾದಾ ಅಕ್ಕ

ತಾ.ಕ.: ಹೋಗುವ ನಾಲ್ಕು ದಿನ ಮುಂಚೆ ನಿಮ್ಮಮ್ಮ ಎದೆ ಹಿಡಿದು ಕೂತರು. "ಗುಲ್ಜಾದಾ, ಯಾಕೋ ಎದೆ ಹಿಂಡ್ತಿದೆ, ಆಸ್ಪತ್ರೆಗೆ ಕರ್ಕೊಂಡು ಹೋಗ್ತೀಯಾ?" ಅಂದರು. ನನ್ನ ಕಾರು ಬಾಗಿಲಲ್ಲೇ ಇತ್ತು. "ಇನ್ನೆರಡೇ ಕಂಬಳಿ ಅಪಾ, ಲಾರಿ ಹೊರಟ ಕೂಡ್ಲೇ ಹೋಗೋಣ" ಅಂದೆ. ಅವರು ಅಂಗಿಯ ತೋಳು ಮಡಚಿ ಮತ್ತೆ ಚಾಪೆಯ ಮೇಲೆ ಬಗ್ಗಿದರು. ಇದು ತಿಲೆಕ್‌ಗೂ ಗೊತ್ತಿಲ್ಲ. ಎಲ್ಲರೂ ನನ್ನನ್ನು ಹೊಗಳುತ್ತಿದ್ದಾರೆ ಐಚುರೆಕ್. ನೀನಾದರೂ ನನ್ನನ್ನು ಬೈದು ಬರೆ.