ಒಂದು ವಾಟೋ, ಐದು ವಾಟೋ

ಜುಲೈ ೮, ಮಂಗಳವಾರ

ಗಿಟಾರಿಗೆ ಯಾವ ಆಂಪ್ಲಿಫೈಯರ್ ಕೊಳ್ಳುವುದೆಂದು ಇವತ್ತೂ ಇತ್ಯರ್ಥವಾಗಲಿಲ್ಲ. ನುಡಿಸಿ ನೋಡಲೆಂದು ಗೆಳೆಯ ಹಿತೇಶ್ ಸುರತ್ಕಲ್‌ನಿಂದ ತನ್ನ ಎರಡು ಆಂಪ್‌ಗಳನ್ನು, ಹಳೇ ರೇಡಿಯೋದ ಹಾಗೆ ಗಾಜಿನ ವಾಲ್ವ್ ಇರುವಂಥವನ್ನು, ತಂದು ಬಿಟ್ಟುಹೋದ. ಒಂದು ವಾಟಿನದೊಂದು, ಐದು ವಾಟಿನದೊಂದು. "ಮನೆಗೆ ಚಿಕ್ಕದೇ ಸಾಕು ಮಾರಾಯ. ದೊಡ್ಡದು ಜೋರಿಟ್ಟರೆ ಮಾತ್ರ ಚಂದ ಕೇಳ್ತದೆ," ಎಂದ. ನನಗೂ ಚಿಕ್ಕದೇ ಸರಿ ಅನ್ನಿಸಿತ್ತು. ಪಕ್ಕದ ಕೋಣೆಯಲ್ಲಿ ಅಪ್ಪ ಮಲಗಿದ್ದಾರಲ್ಲ.

ಸ್ಟ್ರೋಕ್ ಆದ ಮೇಲೆ ಅಪ್ಪನ ಬಾಯಿಂದ ಒಂದು ಮಾತೂ ಹೊರಟಿಲ್ಲ. ಮೊದಲೆಲ್ಲ ನಾನು ಗಿಟಾರ್ ಮುಟ್ಟಿದರೆ ಸಾಕು, "ಆ ಶನಿಯನ್ನು ಬಂದ್ ಮಾಡು!" ಎಂದು ಕೇರಿಗೇ ಕೇಳುವಂತೆ ಕೂಗುತ್ತಿದ್ದರು.

ವಾಲ್ವ್ ಬಿಸಿಯಾಗಲು ಬಿಟ್ಟು, ಚಿಕ್ಕದರಲ್ಲಿ ಮೆಲ್ಲಗೆ ನುಡಿಸಿದೆ. ಅಮ್ಮ ಗಂಜಿಯ ಬಟ್ಟಲು ಹಿಡಿದುಕೊಂಡೇ ಬಾಗಿಲಿಗೆ ಬಂದರು. ಬೈಯುತ್ತಾರೆಂದು ಕೈ ನಿಲ್ಲಿಸಿದೆ.

"ಇದು ಅವರಿಗೆ ಕೇಳುವುದಿಲ್ಲ. ದೊಡ್ಡದು ಹಾಕು. ಒಮ್ಮೆ ಬೈಯಲಿ ಅವರು."

ದೊಡ್ಡದನ್ನು ಹಾಕಿ ಪೂರ್ತಿ ತಿರುಗಿಸಿದೆ. ಕಪಾಟಿನ ಗಾಜು ನಡುಗಿತು. ಪಕ್ಕದ ಮನೆಯ ನೀರಜಾಕ್ಷಿ ಆಂಟಿ ಬಂದು ಬಾಯಿಗೆ ಬಂದ ಹಾಗೆ ಬೈದು ಹೋದರು. ಬೈಯಬೇಕಾದವರು ಮಾತ್ರ ಫ್ಯಾನ್ ನೋಡುತ್ತಾ ಮಲಗಿದ್ದರು.

ಅಮ್ಮ ಅಪ್ಪನ ಬಾಯಿ ಒರೆಸುತ್ತಾ ಹೇಳಿದರು, "ನಾಳೆ ಹಿತೇಶನತ್ರ ಕೇಳು, ಇದಕ್ಕಿಂತ ದೊಡ್ಡದು ಉಂಟಾ ಅಂತ."