ಕೆಳಗಿನ ಸಣ್ಣ ಸಾಲುಗಳು

ಕೆಂಚಾರ್ಲಹಳ್ಳಿ
ಪರಾಭವ ಸಂವತ್ಸರ, ಜ್ಯೇಷ್ಠ ಬಹುಳ ದಶಮಿ, ಸೋಮವಾರ
೧೩-೬-೧೯೬೬

ಬಾಲ್ಯಮಿತ್ರನೂ ಚಿಂತಾಮಣಿಯ ವಾರಪತ್ರಿಕೆಯ ಸಂಪಾದಕನೂ ಆದ ಬಯ್ಯಪ್ಪನಿಗೆ, ಈ ಸಲ ಆಶೀರ್ವಾದವಲ್ಲ, ಪ್ರಾರ್ಥನೆ.

ತಿದ್ದುಪಡಿ ಹಾಕೆಂದು ನಿನ್ನೆ ನಾನು ಕಳುಹಿಸಿದ ಮಾತಿಗೆ, ಬಸ್ಸಿನ ಕೋನಪ್ಪನ ಮೂಲಕ ನೀನು ಹೇಳಿಕಳುಹಿಸಿದ ಉತ್ತರ ತಲುಪಿತು. “ಬರೆದಿದ್ದರಲ್ಲಿ ತಪ್ಪೇನೈತೆ? ತಿದ್ದುಪಡಿ ಹಾಕಿದ್ರೆ ನಾಳೆಯಿಂದ ಪೇಪರ್ ಯಾರು ನಂಬ್ತಾರೆ?” ಎಂದೆಯಂತೆ. ತಪ್ಪಿಲ್ಲ, ಒಪ್ಪಿದೆ. ಸರ್ಕಾರ ರೂಪಾಯಿಯ ಮೌಲ್ಯವನ್ನು ಇಳಿಸಿದ್ದು ನಿಜ. ಆದರೆ ‘ರೂಪಾಯಿ ಬಿತ್ತು: ನೂರಕ್ಕೆ ಅರವತ್ತನಾಲ್ಕು’ ಎಂಬುದನ್ನು ಗೇಣುದ್ದದ ಅಕ್ಷರಗಳಲ್ಲಿ ಅಚ್ಚಿಸಿ, ಅದು ಪರದೇಶದ ವ್ಯಾಪಾರಕ್ಕೆ ಮಾತ್ರ, ಊರಿನಲ್ಲಿ ಹತ್ತರ ನೋಟು ಹತ್ತಕ್ಕೇ ನಡೆಯುತ್ತದೆ ಎಂಬುದನ್ನು ಎಳ್ಳಿನಂಥ ಅಕ್ಷರಗಳಲ್ಲಿ ಕೆಳಗೆ ತುರುಕಿದೆ.

ನನ್ನ ಅಪರಾಧ ನಿನ್ನದಕ್ಕಿಂತ ಹಿರಿದು. ಶುಕ್ರವಾರ ಸಂಜೆ ಆಂಜನೇಯನ ಗುಡಿಯಲ್ಲಿ ಪುರಾಣ ಮುಗಿಸಿ, ಎಂದಿನಂತೆ ವ್ಯಾಸಪೀಠದಿಂದ ಏಳದೆಯೇ ನಿನ್ನ ಪತ್ರಿಕೆಯನ್ನು ಓದಿದೆ. ದಪ್ಪಕ್ಷರ ಕಂಡಿತು, ಸಣ್ಣಕ್ಷರ ಕಾಣಲಿಲ್ಲ. ಆಂಜಿನಮ್ಮ ಎದ್ದು, “ಸ್ವಾಮೀ, ಅಂಗಂದ್ರೆ ನನ್ನ ಹತ್ತು ರೂಪಾಯಿ ಈಗ ಆರೇನಾ?” ಎಂದು ಕೇಳಿದಳು. ಆ ಪೀಠದ ಮೇಲೆ ಕುಳಿತು ತಿಳಿಯದು ಎನ್ನಲು ನಾಲಿಗೆ ಏಳಲಿಲ್ಲ. ತಲೆಯಾಡಿಸಿದೆ.

ಮಗಳ ಹೆರಿಗೆಗೆಂದು ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಮಾರಿ ತಂದಿದ್ದ ಹತ್ತರ ಎಂಟು ನೋಟುಗಳನ್ನು, ಇನ್ನೂ ಇಳಿದೀತೆಂಬ ಭಯದಿಂದ, ಆಕೆ ಮರುದಿನ ಬೆಳಗ್ಗೆಯೇ ನಮ್ಮೂರಿನ ಅಂಗಡಿಗೆ ಒಯ್ದಳು. ಅಂಗಡಿಯವನು ನೋಟಿಗೆ ಆರು ರೂಪಾಯಿಯಂತೆ ರಾಗಿ, ಚಿಲ್ಲರೆ ಕೊಟ್ಟನು. ಅವಳ ಹಿಂದೆ ಸಾಲೇ ನಿಂತಿತು.

ನಿನ್ನೆ ಅಂಚೆಯ ಮುನಿಗಂಗಪ್ಪ ಸಣ್ಣ ಸಾಲುಗಳನ್ನು ಓದಿ ಹೇಳಿದ ಮೇಲೆ ನಾನೇ ಆಕೆಯ ಮನೆಬಾಗಿಲಿಗೆ ಹೋದೆ. “ಪುರಾಣದ ಬಾಯಲ್ಲಿ ಬಂತಲ್ಲ ಅಂತ ನಂಬ್ದೆ ಸ್ವಾಮಿ. ಇನ್ಮೇಲೆ ರಾಮಾಯಣಾನೂ ಯಾರನ್ನಾರ ಕೇಳ್ಕೊಂಡೇ ನಂಬ್ತೀನಿ ಬಿಡಿ” ಎಂದಳು. ಅಂಗಡಿಯವನಂತೂ, “ನಾನೇನು ಬಲವಂತ ಮಾಡಿದ್ನಾ?” ಎನ್ನುತ್ತಾನೆ. ಉಳಿದವರು ಮುದುಕನಿಗೆ ಅರಳುಮರಳು, ನೋಟು ಪೂರ್ತಿ ನಡೆಯುತ್ತದೆಂದು ಪೇಪರಿನ ದಪ್ಪಕ್ಷರದಲ್ಲಿ ಬಂದಿಲ್ಲವಲ್ಲ ಎಂದು ಇಂದೂ ನೋಟು ಹಿಡಿದು ಹೋಗುತ್ತಿದ್ದಾರೆ. ಸುತ್ತಲಿನ ಹಳ್ಳಿಗಳಿಂದಲೂ ಬರತೊಡಗಿದ್ದಾರೆ.

ಆದ್ದರಿಂದ ಶುಕ್ರವಾರದವರೆಗೆ ಕಾಯಬೇಡ. ನಾಳೆಯೇ ಒಂದು ಹಾಳೆಯನ್ನು ಅಚ್ಚಿಸಿ ಬಸ್ಸಿನಲ್ಲಿ ಕಳುಹಿಸು. ನೋಟು ಪೂರ್ತಿ ನಡೆಯುತ್ತದೆ ಎಂಬ ಮಾತು ಅಂದಿನ ಗೇಣುದ್ದದ ಅಕ್ಷರಗಳಲ್ಲೇ ಇರಲಿ. ತಪ್ಪಾಗಿ ಓದಿದವನು ಇಂಥವನೆಂದು ನನ್ನ ಹೆಸರನ್ನೂ ಹಾಕು. ಅದನ್ನು ಗುಡಿಯ ಮೆಟ್ಟಿಲ ಕೆಳಗೆ ನಿಂತು ಓದುತ್ತೇನೆ. ಪೀಠವನ್ನು ಇನ್ನು ಹತ್ತಲಾರೆ.

ಇಂತು ನಿನ್ನ ಹಾದಿ ಕಾಯುತ್ತಿರುವ
ವೆಂಕಟರಾಮಪ್ಪ

ತಾ. ಕ.: ಆ ಅಂಗಡಿಯವನ ಹೆಸರನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಅವನು ನಿನ್ನ ಮಡಿಲಲ್ಲಿ ಕುಳಿತು ಅಕ್ಷರ ಕಲಿತ ನನ್ನ ಮಗ ಚಲಪತಿ. ಅದನ್ನೂ ಅಚ್ಚಿಸು. ಶುಕ್ರವಾರ ಪತ್ರಿಕೆಯನ್ನು ನನ್ನ ಕೈಗೆ ತಂದುಕೊಟ್ಟವನು ಅವನೇ. ನಿನ್ನೆ ಕೇಳಿದರೆ ಒಪ್ಪಿಕೊಂಡನು: ಕೊಡುವ ಮೊದಲು ಕೆಳಗಿನ ಸಾಲುಗಳನ್ನೂ ಓದಿದ್ದನು.