ರಂಗೋಲಿ ಗೆದ್ದ ಎಂಟು ವಾಲಿಬಾಲ್ ಆಟಗಾರ್ತಿಯರು

ಸಿರುಮಲೈ ವಿಶ್ವವಿದ್ಯಾಲಯದ ಮಾನ್ಯ ಕುಲಸಚಿವರೇ,

ನಿಮ್ಮ ವಿಶ್ವವಿದ್ಯಾಲಯ ಸುವರ್ಣ ಮಹೋತ್ಸವಕ್ಕೆಂದು ಹೊರತಂದಿರುವ ದಪ್ಪ ಸಂಪುಟದ ಇನ್ನೂರ ಹನ್ನೆರಡನೆಯ ಪುಟದಲ್ಲಿ, ಮಹಿಳಾ ವಾಲಿಬಾಲ್ ತಂಡ 2011ರಲ್ಲಿ ಹುಟ್ಟಿತು ಎಂದು ಅಚ್ಚಾಗಿದೆ. ನಾನು ಆ ತಂಡಕ್ಕೆ 1980ರಿಂದ 1983ರವರೆಗೆ ಆಡಿದವಳು. ತಂಡ ಹುಟ್ಟುವುದಕ್ಕೆ ಮೂವತ್ತೊಂದು ವರ್ಷ ಮೊದಲೇ ಅದರಲ್ಲಿ ಆಡಿ ಮೊಣಕಾಲು ಕೆಡಿಸಿಕೊಂಡ ಭಾಗ್ಯ ಬೇರೆ ಯಾರಿಗಾದರೂ ಒಲಿದಿದೆಯೋ ಇಲ್ಲವೋ ಕಾಣೆ. ನಿಮ್ಮ ವಿಜ್ಞಾನ ವಿಭಾಗದವರು ಬಯಸಿದರೆ ಮೊಣಕಾಲನ್ನು ಅಧ್ಯಯನಕ್ಕೆ ಒಪ್ಪಿಸಲು ಸಿದ್ಧಳಿದ್ದೇನೆ.

ನಾವು ಸಂಪುಟದಲ್ಲಿ ಇಲ್ಲವೇ ಇಲ್ಲ ಎಂದರೆ ಸುಳ್ಳಾದೀತು. ಮೂವತ್ತೆಂಟನೆಯ ಪುಟದಲ್ಲಿ ನಮ್ಮ ಚಿತ್ರವಿದೆ. ಎಂಟು ಜನ ಹುಡುಗಿಯರು, ಎಲ್ಲರೂ ಸೀರೆಯಲ್ಲಿ, ಮುಂದೆ ಒಂದು ಮರದ ಶೀಲ್ಡು. ಕೆಳಗೆ ಹೀಗೆ ಬರೆದಿದೆ: ‘ಗೃಹವಿಜ್ಞಾನ ವಿಭಾಗದ ರಂಗೋಲಿ ಸ್ಪರ್ಧೆಯ ವಿಜೇತರು, 1981.’ ಬರೆದವರನ್ನು ಪೂರ್ತಿ ತಪ್ಪೆನ್ನಲಾರೆ. ಎಂಟು ಜನ ಹೆಣ್ಣುಮಕ್ಕಳು, ಸೀರೆ, ಶೀಲ್ಡು. ಇವರು ರಂಗೋಲಿಯಲ್ಲದೆ ಇನ್ನೇನು ಗೆದ್ದಾರು? ಗಂಡುಹುಡುಗರ ಚಿತ್ರ ಸಿಕ್ಕಿದ್ದರೆ ಕೆಳಗೇನು ಬರೆಯುವುದೆಂದು ಯಾರನ್ನಾದರೂ ಕೇಳಬೇಕೆಂದು ತೋಚುತ್ತಿತ್ತು. ನಮ್ಮ ವಿಷಯದಲ್ಲಿ ಆ ತೊಂದರೆಯನ್ನೂ ಯಾರೂ ತೆಗೆದುಕೊಂಡಿಲ್ಲ.

ಸೀರೆಯ ಕಥೆ ಹೇಳುತ್ತೇನೆ. ನಮ್ಮಲ್ಲಿ ಐವರು ತಮಿಳುನಾಡಿನ ಕಂಬಂ ಕಣಿವೆಯ, ಕನ್ನಡ ಮನೆಮಾತಿನ ರೈತರ ಮಕ್ಕಳು. ನಾನು, ಚೆಲ್ಲಮ್ಮಾಳ್, ಓಡೈಪಟ್ಟಿಯವಳು; ನಾಯಕಿ ರಂಗಮ್ಮಾಳ್ ಕೊಂಬೈಯವಳು. ಮಗಳನ್ನು ಹಾಸ್ಟೆಲಿಗೆ ಕಳಿಸಿದ್ದೇ ಹೆಚ್ಚು ಎಂದುಕೊಂಡಿದ್ದ ಅಪ್ಪಂದಿರಿಗೆ, ಮಗಳು ಚಡ್ಡಿ ಹಾಕಿಕೊಂಡು ಚೆಂಡು ಹೊಡೆಯುತ್ತಾಳೆಂದು ಹೇಳುವ ಧೈರ್ಯ ಯಾರಿಗಿತ್ತು? ಮನೆಯಲ್ಲಿ ‘ಡ್ರಿಲ್’ ಎಂದಷ್ಟೇ ಹೇಳಿದ್ದೆವು. ಜಿಲ್ಲಾ ಶೀಲ್ಡು ಗೆದ್ದಾಗ ಚಿತ್ರವನ್ನು ಹಾಸ್ಟೆಲಿನ ಪಡಸಾಲೆಯಲ್ಲಿ ತೂಗುಹಾಕುವುದೆಂದಾಯಿತು. ಅಪ್ಪಂದಿರು ಬಂದು ಕೂರುವ ಜಾಗವೂ ಅದೇ. ವಾರ್ಡನ್ ಅಮ್ಮ ಎಲ್ಲರಿಗೂ ಸೀರೆ ಉಡಿಸಿ, ಚೆಂಡನ್ನು ಮರೆಮಾಡಿ ಎಂದರು. ನಾನು ಅದನ್ನು ಸೆರಗಿನೊಳಗೆ ಹಿಡಿದುಕೊಂಡೆ. ಗಮನವಿಟ್ಟು ನೋಡಿ, ಎಡದಿಂದ ಮೂರನೆಯವಳು ಆರು ತಿಂಗಳ ಬಸುರಿಯಂತೆ ಕಾಣುತ್ತಾಳೆ. ನಿಮ್ಮ ಸಂಪಾದಕ ಮಂಡಳಿಗೆ ಅದೂ ಅನುಮಾನ ಹುಟ್ಟಿಸಲಿಲ್ಲ.

ನಮಗೆ ತರಬೇತುದಾರರಿರಲಿಲ್ಲ, ಅಂಗಳವೂ ಇರಲಿಲ್ಲ. ಇದ್ದವರು ಮಾಯಾಂಡಿ ಅಣ್ಣ. ಸುಣ್ಣದಲ್ಲಿ ಅಂಗಳದ ಗೆರೆ ಎಳೆಯುವುದು, ಬಲೆ ಕಟ್ಟುವುದು, ಚೆಂಡಿಗೆ ಗಾಳಿ ತುಂಬುವುದು ಅವರ ಕೆಲಸ. ನಿಮ್ಮ ದಾಖಲೆಯಲ್ಲಿ ಅವರ ಹುದ್ದೆ ‘ಮಾರ್ಕರ್’. ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ, ಹುಡುಗರು ಏಳುವ ಮೊದಲು, ಅವರ ಅಂಗಳವನ್ನೇ ನಮಗೆ ಬಿಟ್ಟುಕೊಡುತ್ತಿದ್ದರು. ಹೆಂಗಸರ ಬಲೆ ಗಂಡಸರದ್ದಕ್ಕಿಂತ ಸುಮಾರು ಒಂದು ಗೇಣು ಕೆಳಗಿರಬೇಕು. ಮೊದಲೆರಡು ತಿಂಗಳು ಹಗ್ಗದಿಂದ ಹೇಗೋ ಇಳಿಸಿ ಕಟ್ಟಿ ನೋಡಿದರು. ನಾಲ್ಕು ಹೊಡೆತಕ್ಕೆ ಜಾರುತ್ತಿತ್ತು. ಬೇಸತ್ತು ಒಂದು ದಿನ ಕಮ್ಮಾರನನ್ನು ಕರೆತಂದು, ಎರಡೂ ಕಂಬಗಳಿಗೆ ಎರಡು ಮೀಟರು ಇಪ್ಪತ್ತನಾಲ್ಕು ಸೆಂಟಿಮೀಟರ್ ಎತ್ತರದಲ್ಲಿ ಒಂದೊಂದು ಕಬ್ಬಿಣದ ಕೊಕ್ಕೆ ಬೆಸೆಸಿದರು. ಮೇಲಿನ ಕೊಕ್ಕೆ ಹುಡುಗರದು, ಕೆಳಗಿನದು ನಮ್ಮದು. ಈ ಕೊಕ್ಕೆಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಸಾಮರ್ಥ್ಯಕ್ಕಿಂತ ಹೆಚ್ಚು ಪಂದ್ಯಗಳನ್ನು ನಾವು ಗೆದ್ದೆವೆಂದು ಈಗ ಒಪ್ಪಿಕೊಳ್ಳುತ್ತೇನೆ. ಗುಟ್ಟು ಇಷ್ಟೆ: ಅಂಗಳದೊಳಗೆ ನಾವು ಮನೆಮಾತಿನಲ್ಲಿ ಕೂಗುತ್ತಿದ್ದೆವು. ತಮಿಳು ಹುಡುಗಿಯರು ಮೂವರೂ ಒಂದೇ ವಾರದಲ್ಲಿ ಅಷ್ಟೂ ಕೂಗುಗಳನ್ನು ಕಲಿತರು. ‘ಹಿಂದ್ಕೆ ಆಕು’ ಎಂದು ರಂಗಮ್ಮಾಳ್ ಕೂಗಿದರೆ ಚೆಂಡು ಎದುರಾಳಿಯ ಹಿಂದಿನ ಗೆರೆಗೆ ಹೋಗುತ್ತಿತ್ತು. ‘ಮೆತ್ಗೆ ಬುಡು ಪುಳ್ಳೆ’ ಎಂದರೆ ಬಲೆಯ ಪಕ್ಕದಲ್ಲೇ ಬೀಳುತ್ತಿತ್ತು; ಪುಳ್ಳೆ ಎಂದರೆ ನಮ್ಮಲ್ಲಿ ಹುಡುಗಿ. ಮಧುರೈಯವರು, ತಿರುಚ್ಚಿಯವರು, ಯಾರಿಗೂ ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಎರಡು ವರ್ಷ ಹೀಗೇ ನಡೆಯಿತು, ನಮ್ಮ ತಲೆ ತಕ್ಕಮಟ್ಟಿಗೆ ತಿರುಗಿತು.

1982ರಲ್ಲಿ ಕೊಯಮತ್ತೂರಿನ ದಕ್ಷಿಣ ವಲಯದ ಪಂದ್ಯಾವಳಿಯಲ್ಲಿ ಸೆಮಿಫೈನಲ್ ತಲುಪಿದೆವು. ಎದುರಿಗೆ ಬಂದವರು ಮೈಸೂರು ಕಡೆಯ ಒಂದು ವಿಶ್ವವಿದ್ಯಾಲಯದ ಹುಡುಗಿಯರು. ಮಾನ್ಯರೇ, ಕರ್ನಾಟಕದಲ್ಲಿ ಕನ್ನಡ ಮಾತಾಡುತ್ತಾರೆಂಬುದು ನಮಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ನಮಗೆ ಅದು ಅಡುಗೆಮನೆಯ ಮಾತು, ತೋಟದ ಮಾತು, ಅಜ್ಜಿ ಬೈಯುವ ಮಾತು. ಕಣಿವೆಯಾಚೆ ಅದನ್ನು ಕೇಳಿಯೇ ಇರದ ನಮಗೆ, ಎದುರಿಗಿರುವವರ ಅಡುಗೆಮನೆಯಲ್ಲೂ ಅದೇ ಮಾತಿರಬಹುದೆಂದು ಹೊಳೆಯಲೇ ಇಲ್ಲ. ರಂಗಮ್ಮಾಳ್ ಎಂದಿನಂತೆ ಗಂಟಲು ಬಿಚ್ಚಿ ಕೂಗಿದಳು. ಅವಳು ‘ಹಿಂದ್ಕೆ’ ಎನ್ನುವಷ್ಟರಲ್ಲಿ ಆ ಹುಡುಗಿಯರು ಹಿಂದೆ ಹೋಗಿ ನಿಂತಿರುತ್ತಿದ್ದರು, ‘ಮೆತ್ಗೆ’ ಎಂದರೆ ಬಲೆಯ ಬಳಿ ಕೈ ಚಾಚಿಕೊಂಡು ಕಾಯುತ್ತಿದ್ದರು. ಮೊದಲ ಸೆಟ್ ಹದಿನೈದಕ್ಕೆ ಎರಡು. ಆ ಎರಡೂ ಅವರ ತಪ್ಪಿನಿಂದ ಬಂದದ್ದು.

ಅಂಗಳ ಬದಲಿಸುವಾಗ ಅವರ ಕಡೆಯ ಇಂದ್ರಾಣಿ ಎಂಬ ಹುಡುಗಿ ರಂಗಮ್ಮಾಳನ್ನು ತಡೆದು, “ನೀವು ಯಾವೂರ್ ಕಡ್ಯೋರು?” ಎಂದಳು. ರಂಗಮ್ಮಾಳ್ “ಕೊಂಬೈ” ಎಂದಳು. “ಅದ್ ಯಾವ್ ತಾಲೂಕಾಯ್ತದೆ, ಮಂಡ್ಯಾನಾ?” ಎಂದು ಇಂದ್ರಾಣಿ ಕೇಳಿದಾಗಲೇ ನಮಗೆ ಜ್ಞಾನೋದಯವಾದದ್ದು. ಎರಡನೆಯ ಸೆಟ್‌ನಲ್ಲಿ ತಮಿಳಿಗೆ ತಿರುಗಿದೆವು, ಹನ್ನೊಂದರವರೆಗೆ ಎಳೆದೆವು, ಸೋತೆವು. ಆ ಸಂಜೆ ಎರಡು ತಂಡಗಳೂ ಒಟ್ಟಿಗೆ ಕೂತು ಊಟ ಮಾಡಿದೆವು. ನಮ್ಮ ಒಂದೊಂದು ಮಾತಿಗೂ ಅವರು ನಕ್ಕರು, ಅವರದ್ದಕ್ಕೆ ನಾವು ನಕ್ಕೆವು. ನಮಗೆ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ ಎಂದು ತಿಳಿದ ಇಂದ್ರಾಣಿ ಊರಿಗೆ ಹೋಗಿ ಅಂಚೆಯಲ್ಲಿ ನನಗೊಂದು ಕಾಗುಣಿತದ ಪುಸ್ತಕ ಕಳಿಸಿದಳು. ನಲವತ್ತಮೂರು ವರ್ಷದಿಂದ ನಾವು ಕಾಗದ ಬರೆದುಕೊಳ್ಳುತ್ತಿದ್ದೇವೆ. ಇದರ ಕರಡನ್ನು ತಿದ್ದಿದವಳೂ ಅವಳೇ. ತಪ್ಪು ತಿದ್ದು, ಸಿಟ್ಟನ್ನು ತಿದ್ದಬೇಡ ಎಂದಿದ್ದೆ.

ಈಗ ಮಹೋತ್ಸವದ ದಿನಕ್ಕೆ ಬರೋಣ. ರಂಗಮ್ಮಾಳ ಮೊಮ್ಮಗಳು ಯುವಶ್ರೀ ಇಂದು ನಿಮ್ಮ ತಂಡದಲ್ಲೇ ಆಡುತ್ತಾಳೆ. ಅಜ್ಜಿಯ ಕಥೆಗಳನ್ನು ಕೇಳಿಯೇ ಬೆಳೆದ ಹುಡುಗಿ. ‘ಮೊದಲ ತಂಡ’ಕ್ಕೆ ಸನ್ಮಾನವಿದೆ ಎಂದು ಅವಳಿಂದ ತಿಳಿದು ನಾವಿಬ್ಬರೂ ಬಸ್ಸು ಹತ್ತಿ ಬಂದೆವು. ಆಹ್ವಾನ ಬಂದಿರಲಿಲ್ಲ, ವಿಳಾಸ ಸಿಕ್ಕಿರಲಿಕ್ಕಿಲ್ಲ ಎಂದುಕೊಂಡಷ್ಟು ದಡ್ಡರು ನಾವು. ರಂಗಮ್ಮಾಳ್ ಹೊಸ ಸೀರೆ ಉಟ್ಟಿದ್ದಳು. ವೇದಿಕೆಗೆ 2011ರ ತಂಡದವರನ್ನು ಕರೆದು ಶಾಲು ಹೊದಿಸಿದರು. ಒಳ್ಳೆಯ ಮಕ್ಕಳು, ಅವರ ಮೇಲೆ ನನಗೇನೂ ಇಲ್ಲ. ನಾವು ಹತ್ತೊಂಬತ್ತನೆಯ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದೆವು.

ಕಾರ್ಯಕ್ರಮ ಮುಗಿದ ಮೇಲೆ ಯುವಶ್ರೀ ಸಂಪುಟ ಹಿಡಿದುಕೊಂಡು ಬಂದಳು. ಹಾಳೆ ತಿರುವಿ ಎರಡು ಸಲ ಓದಿದ್ದಳು. ಆ ಹುಡುಗಿಗೆ ಕೆಟ್ಟ ಬುದ್ಧಿಯಿಲ್ಲ. ವಿಶ್ವವಿದ್ಯಾಲಯದ ಮುದ್ರೆ ಒತ್ತಿದ ಪುಸ್ತಕವನ್ನು ನಂಬುವುದು ವಿದ್ಯಾರ್ಥಿಯ ಧರ್ಮ ತಾನೆ? ಮೆಲ್ಲಗೆ ಕೇಳಿದಳು: “ಇದ್ರಾಗ್ ನಿನ್ ಪೇರೇ ಇಲ್ಲ ಅಜ್ಜಿ. ನೀನ್ ನೆಜಮಾ ಆಡಿದ್ಯಾ?”

ರಂಗಮ್ಮಾಳ್ ಸಂಪುಟವನ್ನು ಮುಚ್ಚಿ ಅವಳ ಕೈಗೆ ಕೊಟ್ಟು ಬಸ್ಸಿನ ಕಡೆ ನಡೆದಳು. ಬಸ್ಸು ದಿಂಡಿಗಲ್ ಬಿಟ್ಟು, ತೇನಿ ದಾಟಿ, ನಾನು ಇಳಿಯುವ ಜಾಗ ಹತ್ತಿರವಾಯಿತು. ಆಗ ಅವಳು ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು: “ಆ ಬುಕ್ ನೋಡ್ದೇಟ್ಗೆ ನಂಗೇ ಸಂದೇಗ ಬಂದ್ಬುಡ್ತು ಚೆಲ್ಲಿ. ಆಡಿದ್ವಾ ನಾವು?”

ಕುಲಸಚಿವರೇ, ಹೆಸರು ಬಿಟ್ಟುಹೋದದ್ದನ್ನು ನಾನು ಸಹಿಸಬಲ್ಲೆ. ಮನುಷ್ಯರು ಮರೆಯುತ್ತಾರೆ, ಕಡತಕ್ಕೆ ಗೆದ್ದಲು ಹಿಡಿಯುತ್ತದೆ. ಆದರೆ ಅರವತ್ತನಾಲ್ಕು ವರ್ಷದ ಒಬ್ಬ ಹೆಂಗಸು ತಾನು ಬದುಕಿದ್ದೇ ಸುಳ್ಳಿರಬಹುದೇ ಎಂದು ಅನುಮಾನಿಸುವಂತೆ ಮಾಡಿದಿರಲ್ಲ, ಅದನ್ನು ಸಹಿಸಲಾರೆ. ಆ ರಾತ್ರಿ ನನಗೆ ಅಳು ಬಂತು. ಬೆಳಿಗ್ಗೆ ಅರ್ಜಿ ಬರೆದೆ.

ಮೊದಲ ಅರ್ಜಿ ತಮಿಳಿನಲ್ಲಿ. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ಎರಡನೆಯದು ಇಂಗ್ಲಿಷಿನಲ್ಲಿ. ಅದಕ್ಕೆ, ‘ತಂಡವಿದ್ದುದಕ್ಕೆ ಲಿಖಿತ ದಾಖಲೆ ಒದಗಿಸಿ’ ಎಂದಿರಿ. ನಿಮ್ಮ ಕಚೇರಿ ಕಳೆದುಕೊಂಡ ದಾಖಲೆಯನ್ನು ನಾನು ಒದಗಿಸಬೇಕೆಂಬ ನ್ಯಾಯಕ್ಕೂ ತಲೆಬಾಗಿದೆ. ಇಂದ್ರಾಣಿಗೆ ಬರೆದೆ. ಅವಳು ತನ್ನ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗಕ್ಕೆ ಹೋಗಿ, 1982ರ ವಾರ್ಷಿಕ ವರದಿ ಹುಡುಕಿಸಿ, ಮುದ್ರೆ ಒತ್ತಿಸಿದ ಪ್ರತಿ ಕಳಿಸಿದಳು. ಅದರಲ್ಲಿ ಒಂದು ಸಾಲಿದೆ: ‘ಸೆಮಿಫೈನಲ್‌ನಲ್ಲಿ ಸಿರುಮಲೈ ವಿಶ್ವವಿದ್ಯಾಲಯದ ಮಹಿಳಾ ತಂಡವನ್ನು 15–2, 15–11ರಿಂದ ಸೋಲಿಸಿತು.’ ನಮ್ಮ ಅಷ್ಟೂ ಗೆಲುವುಗಳನ್ನು ನೀವು ಕಳೆದುಹಾಕಿದಿರಿ. ನಮ್ಮ ಒಂದು ಸೋಲನ್ನು ಗೆದ್ದವರು ಜೋಪಾನವಾಗಿ ಇಟ್ಟುಕೊಂಡಿದ್ದರು. ಇಲ್ಲದ ತಂಡವನ್ನು ಸೋಲಿಸಲು ಅವರಿಗೆ ಎರಡನೆಯ ಸೆಟ್‌ನಲ್ಲಿ ಅಷ್ಟು ಕಷ್ಟವಾದದ್ದೇಕೆ, ಯೋಚಿಸಿ ನೋಡಿ.

ಅದಕ್ಕೆ ನಿಮ್ಮ ಮೂರನೆಯ ಉತ್ತರ: ‘ದಾಖಲೆ ಕನ್ನಡದಲ್ಲಿದೆ. ಈ ಕಚೇರಿಗೆ ಆ ಭಾಷೆ ತಿಳಿಯದು. ಪ್ರಮಾಣೀಕೃತ ಅನುವಾದ ಲಗತ್ತಿಸಿ.’ ಹದಿನೈದು, ಎರಡು, ಹನ್ನೊಂದು ಎಂಬ ಅಂಕಿಗಳಿಗೂ ಅನುವಾದ ಬೇಕೋ ಏನೋ ತಿಳಿಸಲಿಲ್ಲ. ಎರಡು ಭಾಷೆಯಲ್ಲಿ ಬರೆದಾಗಲೂ ನಿಮಗೆ ಅರ್ಥವಾಗಲಿಲ್ಲವಾದ್ದರಿಂದ, ಅರ್ಥವಾಗುವುದಿಲ್ಲ ಎಂದು ನೀವೇ ಪ್ರಾಮಾಣಿಕವಾಗಿ ಒಪ್ಪಿಕೊಂಡಿರುವ ಭಾಷೆಯಲ್ಲೇ ಈ ಪತ್ರ ಬರೆದು ಪತ್ರಿಕೆಗೆ ಕೊಟ್ಟಿದ್ದೇನೆ. ಎದುರಾಳಿಗೆ ತಿಳಿಯದ ಹಾಗೆ ಕನ್ನಡದಲ್ಲಿ ಕೂಗುವುದು ನನಗೆ ಹಳೆಯ ಅಭ್ಯಾಸ. ಅರ್ಥವಾಗುವವರು ಓದಲಿ, ನಿಮಗೆ ಅವರು ತಿಳಿಸಿಯಾರು.

ಕೊಕ್ಕೆಯ ಮಾತು ಬಾಕಿಯಿದೆ. ಕಳೆದ ತಿಂಗಳು ನಾನು, ರಂಗಮ್ಮಾಳ್, ಯುವಶ್ರೀ ಮೂವರೂ ಹಳೆಯ ಅಂಗಳಕ್ಕೆ ಹೋಗಿದ್ದೆವು. ರಂಗಮ್ಮಾಳ್ ಬರಲು ಒಪ್ಪಲಿಲ್ಲ, ಎಳೆದುಕೊಂಡೇ ಬಂದೆ. ಅಂಗಳದ ತುಂಬ ಮುಳ್ಳುಗಿಡ. ಒಂದು ಕಂಬ ಇಲ್ಲ, ಇನ್ನೊಂದು ತುಕ್ಕು ಹಿಡಿದು ನಿಂತಿದೆ. ಅದರಲ್ಲಿ ಎರಡು ಕೊಕ್ಕೆ. ಯುವಶ್ರೀ ಟೇಪು ತಂದಿದ್ದಳು. ಕೆಳಗಿನ ಕೊಕ್ಕೆಗೆ ಹಿಡಿದು ಅಳೆದಳು, ಇನ್ನೊಮ್ಮೆ ಅಳೆದಳು. ಎರಡು ಸಲವೂ ಎರಡು ಮೀಟರು ಇಪ್ಪತ್ತನಾಲ್ಕು ಸೆಂಟಿಮೀಟರ್. ಆಗ ರಂಗಮ್ಮಾಳ್ ಚಪ್ಪಲಿ ಕಳಚಿಟ್ಟು ಕಂಬದ ಪಕ್ಕ ನಿಂತು ಬಲಗೈ ಎತ್ತಿದಳು. ಇಪ್ಪತ್ತನೆಯ ವಯಸ್ಸಿನಲ್ಲಿ ತುದಿಗಾಲಲ್ಲಿ ನಿಂತು ಬಲೆಯ ಹಗ್ಗವನ್ನು ಆ ಕೊಕ್ಕೆಗೆ ತಾನೇ ಸಿಕ್ಕಿಸುತ್ತಿದ್ದವಳು. ಈಗ ಕೊಕ್ಕೆ ಮುಟ್ಟಲು ನಾಲ್ಕು ಬೆರಳಷ್ಟು ಸಾಲದೇ ಹೋಯಿತು. ಯುವಶ್ರೀ ಅಜ್ಜಿಯ ಹಿಂದೆ ನಿಂತು ತಾನೂ ಕೈ ಎತ್ತಿದಳು, ಅವಳ ಬೆರಳು ಕೊಕ್ಕೆಗೆ ತಾಗಿತು. ಇಬ್ಬರೂ ಸ್ವಲ್ಪ ಹೊತ್ತು ಕೈ ಇಳಿಸಲಿಲ್ಲ.

ಆ ಅಂಗಳವನ್ನು ನೆಲಸಮ ಮಾಡಿ ವಾಹನ ನಿಲುಗಡೆಗೆ ಕೊಡುತ್ತೀರೆಂದು ಗೇಟಿನಲ್ಲಿ ಫಲಕ ಹಾಕಿದ್ದೀರಿ. ಹಾಕಿಕೊಳ್ಳಿ, ನಿಮ್ಮ ಕಾರುಗಳಿಗೂ ನೆರಳು ಬೇಕು. ನನ್ನ ಬೇಡಿಕೆ ಚಿಕ್ಕದು. ಕಂಬ ಕೀಳುವ ಮೊದಲು ನೀವೇ ಒಂದು ಟೇಪು ಹಿಡಿದು ಅಲ್ಲಿಗೆ ಹೋಗಿ. ತಮಿಳು, ಇಂಗ್ಲಿಷು, ಕನ್ನಡ ಯಾವುದೂ ಬೇಕಿಲ್ಲ, ಅಳೆಯಲು ಬಂದರೆ ಸಾಕು. ಮಹಿಳಾ ತಂಡವೇ ಇರಲಿಲ್ಲ ಎನ್ನುವುದಾದರೆ, ಹೆಂಗಸರ ಎತ್ತರಕ್ಕೆ ಆ ಕೊಕ್ಕೆಯನ್ನು ಮಾಯಾಂಡಿ ಅಣ್ಣ ಬೆಸೆಸಿದ್ದು ಯಾರಿಗಾಗಿ ಎಂದು ಲಿಖಿತವಾಗಿ ತಿಳಿಸಿ. ಉತ್ತರ ಹೊಳೆಯದಿದ್ದರೆ ಮೂವತ್ತೆಂಟನೆಯ ಪುಟದ ಕೆಳಗಿನ ಸಾಲನ್ನು ತಿದ್ದಿ, ಎಂಟು ಹೆಸರು ಬರೆಯಿರಿ. ಮೊದಲ ಹೆಸರು ರಂಗಮ್ಮಾಳ್. ತಿದ್ದಿದ ಪುಟವನ್ನು ನನಗೆ ಕಳಿಸಬೇಡಿ, ಯುವಶ್ರೀಯ ಕೈಗೆ ಕೊಡಿ. ಅಜ್ಜಿಗೆ ಅವಳೇ ಓದಿ ಹೇಳಲಿ.

ಇಂತಿ,
ಈ ಜನ್ಮದಲ್ಲಿ ಒಂದು ದಿನವೂ ನೆಟ್ಟಗೆ ರಂಗೋಲಿ ಇಡಲು ಬಾರದ,
ನಿಮ್ಮ ರಂಗೋಲಿ ವಿಜೇತರಲ್ಲಿ ಎಡದಿಂದ ಮೂರನೆಯವಳು,
ಚೆಲ್ಲಮ್ಮಾಳ್
ಓಡೈಪಟ್ಟಿ